ಸ್ಟೀಮ್‌ಪಂಕ್ ವೇಷ ಮನೆಯಲ್ಲೇ: ಒಂದು ಕೈಗೆ ಫೋಮ್, ಇನ್ನೊಂದಕ್ಕೆ ಚರ್ಮ

ಉಗಿಯಂತ್ರಗಳ ಕಾಲ ಮುಗಿಯದೆ ಮುಂದುವರಿದಿದ್ದರೆ ಜನರ ಉಡುಗೆ ತೊಡುಗೆ ಹೇಗಿರುತ್ತಿತ್ತು ಎಂಬ ಕಲ್ಪನೆಯ ಮೇಲೆ ನಿಂತಿರುವ ಸ್ಟೀಮ್‌ಪಂಕ್ ವೇಷಕ್ಕೆ ಕಟ್ಟುನಿಟ್ಟಾದ ನಿಯಮಗಳಿಲ್ಲ. ಹೊಸಬರಿಗೆ ತೊಡಕಾಗುವುದೂ ಅದೇ. ಒಂದೇ ಭಾಗವನ್ನು ನಾಲ್ಕು ಬಗೆಯ ಸಾಮಗ್ರಿಗಳಿಂದ ಮಾಡಬಹುದು, ನಾಲ್ಕನ್ನೂ ಹೊಗಳುವವರಿದ್ದಾರೆ. ಮೊದಲ ವೇಷ ಸಿದ್ಧಪಡಿಸುವಾಗ ನಾನು ಮುಖ್ಯ ಭಾಗಗಳನ್ನು ಎರಡೆರಡು ರೀತಿಯಲ್ಲಿ ಮಾಡಿ ತೊಟ್ಟು ನೋಡಿದೆ. ಎಡ ಮುಂಗೈಗೆ ಫೋಮಿನ ಕವಚ, ಬಲ ಮುಂಗೈಗೆ ಚರ್ಮದ ಕವಚ. ಈ ವೇಷದಲ್ಲಿ ಎರಡು ಕೈಗಳೂ ಒಂದೇ ತೆರನಾಗಿರಬೇಕಿಲ್ಲವಾದ್ದರಿಂದ ಎರಡನ್ನೂ ಒಟ್ಟಿಗೆ, ಒಂದೇ ಬೆವರು ಒಂದೇ ತಿಕ್ಕಾಟಕ್ಕೆ ಒಡ್ಡಿ ಹೋಲಿಸುವುದು ಸಾಧ್ಯವಾಯಿತು.

ಫೋಮ್ ಎಂದರೆ ಇಲ್ಲಿ ಇವಿಎ ಫೋಮ್. ವ್ಯಾಯಾಮದ ಚಾಪೆ, ಚಪ್ಪಲಿಯ ಅಟ್ಟೆಗಳಲ್ಲಿ ಇರುವಂಥದ್ದು. ಕವಚದ ಮೈಗೆ 5 ಮಿಲಿಮೀಟರ್ ದಪ್ಪದ ಹಾಳೆಯನ್ನೂ ಅಂಚು, ಪಟ್ಟಿಗಳಿಗೆ 2 ಮಿಲಿಮೀಟರ್ ಹಾಳೆಯನ್ನೂ ಬಳಸಿದೆ. ಹರಿತವಾದ ಬ್ಲೇಡು, ಹೀಟ್ ಗನ್, ಕಾಂಟ್ಯಾಕ್ಟ್ ಅಂಟು ಇಷ್ಟಿದ್ದರೆ ಕೆಲಸ ಶುರುಮಾಡಬಹುದು. ಫೋಮ್ ಅಲಗನ್ನು ಬೇಗ ಮೊಂಡು ಮಾಡುತ್ತದೆ, ಮೊಂಡಾದ ಅಲಗು ಅಂಚನ್ನು ಕತ್ತರಿಸದೆ ಹರಿಯುತ್ತದೆ; ಆದ್ದರಿಂದ ಬ್ಲೇಡು ಬದಲಿಸುವುದರಲ್ಲಿ ಜಿಪುಣತನ ಸಲ್ಲದು. ಬಿಸಿಗಾಳಿ ತಾಗಿದಾಗ ಹಾಳೆಯ ಮೇಲಿನ ಸಣ್ಣ ರಂಧ್ರಗಳು ಮುಚ್ಚಿಕೊಂಡು ಮಂಕಾದ ಮೈ ತುಸು ಹೊಳಪಿಗೆ ತಿರುಗುತ್ತದೆ. ಆ ಹೊಳಪು ಕಂಡ ಕೂಡಲೇ ಗನ್ನನ್ನು ಸರಿಸಿ, ಹಾಳೆಯನ್ನು ದಪ್ಪ ಬಾಟಲಿಯ ಸುತ್ತ ಬಾಗಿಸಿ ಆರುವವರೆಗೆ ಅದುಮಿ ಹಿಡಿದರೆ ಬಾಗು ಹಾಗೆಯೇ ಉಳಿಯುತ್ತದೆ. ಕಾಯಿಸುವ ಮೊದಲೇ ಅರ್ಧ ದಪ್ಪದವರೆಗೆ ಗೀರಿಟ್ಟ ಗೆರೆಗಳು ಬಿಸಿ ತಾಗುತ್ತಲೇ ತಾವಾಗಿ ಬಾಯಿಬಿಟ್ಟು, ಎರಡು ತಗಡುಗಳು ಕೂಡಿದ ಸಂದುಗಳಾಗಿ ಕಾಣುವುದನ್ನು ನೋಡುವಾಗ ಆಗುವ ಸಂತೋಷವೇ ಬೇರೆ. ಈ ಕೆಲಸದಲ್ಲಿ ಹೊಗೆಯೂ ದ್ರಾವಕದ ಘಾಟೂ ಇರುವುದರಿಂದ ಕಿಟಕಿ ತೆರೆದಿರಬೇಕು. ಮರಳು ಕಾಗದದಿಂದ ಉಜ್ಜುವಾಗ ಏಳುವ ದೂಳಿಗೆ ಮುಖಗವಸು ಬೇಕೇ ಬೇಕು.

ಚರ್ಮದ ಕವಚಕ್ಕೆ ಸಸ್ಯ ಮೂಲದ ಒಗರು ವಸ್ತುವಾದ ಟ್ಯಾನಿನ್‌ನಿಂದ ಹದಮಾಡಿದ, 2ರಿಂದ 3 ಮಿಲಿಮೀಟರ್ ದಪ್ಪದ ಚರ್ಮವನ್ನು ಆರಿಸಿಕೊಂಡೆ. ಕೈಚೀಲ, ಜಾಕೆಟ್ಟುಗಳಲ್ಲಿ ಹೆಚ್ಚಾಗಿ ಸಿಗುವ ಕ್ರೋಮ್ ಹದದ (ಕ್ರೋಮಿಯಂ ಲವಣದಿಂದ ಹದಮಾಡಿದ) ಚರ್ಮ ಮೃದುವಾಗಿದ್ದರೂ, ನೀರಿನಲ್ಲಿ ನೆನೆಸಿ ಬಾಗಿಸಿದ ಆಕಾರವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ; ಸಸ್ಯ ಹದದ ಚರ್ಮವಾದರೋ ಒದ್ದೆಯಾದಾಗ ಮಣ್ಣಿನಷ್ಟು ವಿಧೇಯವಾಗಿ, ಒಣಗಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಇದಕ್ಕೆ ಕಪ್ಪು ಬಣ್ಣ ಕೊಡಲು ಒಂದು ಹಳೆಯ ಉಪಾಯವಿದೆ. ಉಕ್ಕಿನ ನಾರನ್ನು ವಿನೆಗರಿನಲ್ಲಿ ಕರಗಲು ಬಿಟ್ಟು, ಸೋಸಿದ ದ್ರವವನ್ನು ಹಚ್ಚಿದರೆ ಕಬ್ಬಿಣವು ಚರ್ಮದೊಳಗಿನ ಟ್ಯಾನಿನ್ನಿನೊಡನೆ ಸೇರಿ ಕಣ್ಣೆದುರೇ ಕಪ್ಪಾಗುತ್ತದೆ. ಈ ಬಣ್ಣ ಮೇಲೆ ಬಳಿದ ಪದರವಲ್ಲ, ಚರ್ಮವೇ ಬದಲಾದದ್ದು. ಆದರೆ ಚರ್ಮಕ್ಕೆ ತೂತು ಹಾಕುವ ಪಂಚು, ಸುತ್ತಿಗೆ, ಅಡಿಯಲ್ಲಿಡುವ ಗಟ್ಟಿ ಹಲಗೆ ಎಲ್ಲವೂ ಬೇಕು. ತಪ್ಪಾದ ತೂತನ್ನು ಮುಚ್ಚಲು ಬರುವುದಿಲ್ಲ. ಹಾಗಾಗಿ ಮೊದಲು ದಪ್ಪ ಕಾಗದದಲ್ಲಿ ಮಾದರಿ ಕತ್ತರಿಸಿ, ಕೈಗೆ ಸುತ್ತಿ ನೋಡಿ, ಆಮೇಲೆ ಚರ್ಮ ಮುಟ್ಟುವುದು ಕ್ಷೇಮ.

ಮಾಡಿ ಮುಗಿಸಿದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಫೋಮಿನದೇ ಹೆಚ್ಚು ಹಿಡಿಸಿತು. ಅದರಲ್ಲಿ ಕೊಳವೆ, ಮಾಪಕ, ಬೋಲ್ಟುಗಳ ಸಡಗರವಿತ್ತು. ಚರ್ಮದ್ದು ಸಾದಾ ಇತ್ತು. ತೊಟ್ಟು ಓಡಾಡಿದ ಮೇಲೆ ತೀರ್ಪು ತಿರುಗಿತು. ಮಣಿಕಟ್ಟು ಪದೇಪದೇ ಮಡಚುವ ಜಾಗದಲ್ಲಿ ಫೋಮಿನ ಬಣ್ಣ ಕೂದಲೆಳೆಯ ಬಿರುಕುಗಳಾಗಿ ಒಡೆಯಿತು. ಮೇಜಿನ ಅಂಚಿಗೆ ಉಜ್ಜಿದ ಕಡೆ ಹಿತ್ತಾಳೆಯ ಬಣ್ಣ ಎದ್ದು, ಒಳಗಿನ ಕರಿಯ ಫೋಮ್ ಇಣುಕಿ, ಇಡೀ ನಟನೆ ಬಯಲಾಯಿತು. ಅದೇ ಮೇಜಿಗೆ ಉಜ್ಜಿದ ಚರ್ಮದ ಮೇಲೂ ಗೀರು ಬಿದ್ದಿತು, ಆದರೆ ಆ ಗೀರು ವೇಷಕ್ಕೆ ಸೇರಿಕೊಂಡಿತು; ವರ್ಷಗಟ್ಟಲೆ ಯಂತ್ರದ ಬಳಿ ದುಡಿದವನ ಕೈಯಲ್ಲಿ ಅದು ಇರಬೇಕಾದದ್ದೇ. ತೂಕ ಮತ್ತು ಸೆಕೆಯ ವಿಷಯದಲ್ಲೂ ಫೋಮ್ ಪೂರ್ತಿ ಗೆದ್ದಿತೆನ್ನಲಾಗದು: ಅದು ಹಗುರ, ಆದರೆ ಬೆವರನ್ನು ಹೊರಗೆ ಬಿಡುವುದಿಲ್ಲ. ಇದರಿಂದ ನಾನು ಮುಂದಿನ ಎಲ್ಲ ಭಾಗಗಳಿಗೂ ಒಂದೇ ಅಳತೆಗೋಲು ಹಿಡಿದೆ: ಬಾಗುವ, ಕೈತಾಗುವ ಕಡೆ ಅಸಲಿ ಸಾಮಗ್ರಿ, ಅಲುಗಾಡದೆ ದೂರದಿಂದ ಕಾಣುವ ಕಡೆ ನಕಲಿ.

ಕೃತಕ ಚರ್ಮದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರವಿರುವ ಅದು ಮಡಿಕೆಯಲ್ಲಿ ಸುಲಿಯುತ್ತದೆ, ಒಮ್ಮೆ ಸೂಜಿ ಹೊಕ್ಕ ತೂತು ಮತ್ತೆ ಮುಚ್ಚುವುದಿಲ್ಲ. ಅಗಲವಾದ, ಮಡಚದ ಪಟ್ಟಿಗಳಿಗೆ ಅಡ್ಡಿಯಿಲ್ಲ. ರಟ್ಟು ಅಭ್ಯಾಸಕ್ಕೆ ಒಳ್ಳೆಯದು, ತೇವಕ್ಕೆ ಆಗದು.

ಅಂಟಿನಲ್ಲಿ, ಕಾಯಿಸಿ ಕರಗಿಸಿ ಹಚ್ಚುವ ಹಾಟ್ ಗ್ಲೂ ಮತ್ತು ಕಾಂಟ್ಯಾಕ್ಟ್ ಅಂಟಿನ ನಡುವೆ ನನಗೆ ಸಂಶಯ ಉಳಿದಿಲ್ಲ. ಹಾಟ್ ಗ್ಲೂ ಕ್ಷಣದಲ್ಲಿ ಹಿಡಿಯುತ್ತದೆ, ಅಷ್ಟೇ ಸುಲಭವಾಗಿ ನುಣುಪಾದ ಲೋಹದಿಂದ ಸಿಪ್ಪೆಯಾಗಿ ಬಿಡುತ್ತದೆ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮೆತ್ತಗಾಗುತ್ತದೆ, ಸಂದಿನಲ್ಲಿ ಉಬ್ಬು ಗೆರೆಯೊಂದನ್ನು ಬಿಟ್ಟು ಬಣ್ಣದಡಿಯಿಂದಲೂ ತನ್ನ ಇರವನ್ನು ಸಾರುತ್ತದೆ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮುಖಗಳಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಮೆತ್ತದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ತಾಳ್ಮೆ ಬೇಡುತ್ತದೆ, ಒಮ್ಮೆ ಕೂಡಿಸಿದ್ದನ್ನು ಸರಿಸಲು ಬಿಡುವುದಿಲ್ಲ, ಆದರೆ ಫೋಮ್ ಬಾಗಿದಾಗ ತಾನೂ ಬಾಗುತ್ತದೆ. ಚರ್ಮಕ್ಕೆ ಮತ್ತು ಬಕಲ್ ಕೂಡುವಲ್ಲಿಗೆ ಈ ಎರಡೂ ಬೇಡ, ರಿವೆಟ್ಟೇ ಸರಿ. ಅದು ಅಲಂಕಾರವೂ ಹೌದು, ಆಧಾರವೂ ಹೌದು.

ಲೋಹದ ವಿಷಯದಲ್ಲಿ ನನ್ನ ಅಳತೆಗೋಲು ನಕಲಿಯ ಕಡೆಗೇ ವಾಲಿತು. ನಿಜವಾದ ಹಿತ್ತಾಳೆಯ ತುಣುಕುಗಳನ್ನು ಹಳೆಯದಾಗಿ ಕಾಣಿಸಲು ಉಪ್ಪು ವಿನೆಗರ್ ಸವರಬಹುದು, ಅಮೋನಿಯಾದ ಆವಿಗೆ ಒಡ್ಡಿದರೆ ನೀಲಿ ಹಸಿರಿನ ಕಿಲುಬು ಏಳುತ್ತದೆ. ಆದರೆ ಅಂಗಡಿಯ ಹಿತ್ತಾಳೆಗೆ ಸಾಮಾನ್ಯವಾಗಿ ಲ್ಯಾಕರ್ ಎಂಬ ಪಾರದರ್ಶಕ ಲೇಪ ಬಳಿದಿರುತ್ತಾರೆ, ಅದನ್ನು ಅಸಿಟೋನಿನಿಂದ ತೆಗೆಯದೆ ಯಾವ ಉಪಾಯವೂ ಫಲಿಸುವುದಿಲ್ಲ. ಇಷ್ಟೆಲ್ಲ ಮಾಡಿದ ಲೋಹದ ತುಣುಕು ಭಾರಕ್ಕೆ ಬಟ್ಟೆಯನ್ನು ಜಗ್ಗುತ್ತದೆ. ಫೋಮಿನ ತುಣುಕಿಗೆ ಮೊದಲು ಬಾಗುವ ಗುಣದ ಪ್ರೈಮರ್, ಮೇಲೆ ಪೂರ್ತಿ ಕಪ್ಪು, ಅದರ ಮೇಲೆ ಹಿತ್ತಾಳೆಯ ಅಕ್ರಿಲಿಕ್ ಬಳಿದಾಗ ಎರಡು ಮಾರು ದೂರದಿಂದ ವ್ಯತ್ಯಾಸ ತಿಳಿಯಲಿಲ್ಲ. ಡಬ್ಬಿಯಿಂದ ಸಿಂಪಡಿಸುವ ಚಿನ್ನದ ಬಣ್ಣಕ್ಕಿಂತ ಒಣಕುಂಚದ ವಿಧಾನ ಎಷ್ಟೋ ಮೇಲು. ಕುಂಚವನ್ನು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಬಹುಪಾಲನ್ನು ಒರೆಸಿ ತೆಗೆದು, ಉಳಿದದ್ದನ್ನು ಉಬ್ಬುಗಳ ಮೇಲಷ್ಟೇ ಹಗುರವಾಗಿ ಆಡಿಸಬೇಕು. ಆಗ ತಗ್ಗುಗಳಲ್ಲಿ ಕಪ್ಪು ಉಳಿದು ಅಂಚುಗಳು ಮಿನುಗುತ್ತವೆ. ಸಿಂಪಡಿಸಿದ್ದು ಎಲ್ಲ ಕಡೆಯೂ ಒಂದೇ ಸಮನಾಗಿ ಹೊಳೆದು ಆಟಿಕೆಯಾಗಿ ಕಾಣುತ್ತದೆ. ಕಿಲುಬಿನ ಹಸಿರನ್ನು ಹಾಕುವುದಾದರೆ ನೀರು ನಿಲ್ಲಬಹುದಾದ ಸಂದುಗಳಲ್ಲಿ ಮಾತ್ರ ಹಾಕಬೇಕು. ಹಲ್ಲುಚಕ್ರಗಳ ಮಾತೂ ಅಷ್ಟೆ. ಯಾವುದಕ್ಕೂ ಕೂಡಿಕೊಳ್ಳದ ಚಕ್ರವನ್ನು ಟೋಪಿಗೆ ಅಂಟಿಸುವುದು ಈ ವೇಷದ ಅತಿ ಸವೆದ ಅಲಂಕಾರ. ಎರಡು ಚಕ್ರಗಳ ಹಲ್ಲುಗಳಾದರೂ ಒಂದಕ್ಕೊಂದು ಕಚ್ಚಿಕೊಂಡಿರಲಿ.

ಗಾಗಲ್ಸಿಗೆ ಎರಡು ದಾರಿಗಳನ್ನು ನೋಡಿದೆ. ವೆಲ್ಡಿಂಗಿಗೆ ಬಳಸುವ, ಬಟ್ಟಲಿನಾಕಾರದ ಗಾಗಲ್ಸನ್ನು ತಂದು ಬಣ್ಣ ಬದಲಿಸುವುದು ಒಂದು. ಜಾಡಿಯ ಮುಚ್ಚಳ, ಕೊಳವೆಯ ತುಂಡುಗಳಿಂದ ಮೊದಲಿನಿಂದ ಕಟ್ಟುವುದು ಇನ್ನೊಂದು. ವೆಲ್ಡಿಂಗಿನದರಲ್ಲಿ ಸಾಮಾನ್ಯವಾಗಿ 50 ಮಿಲಿಮೀಟರ್ ವ್ಯಾಸದ ಗುಂಡು ಗಾಜು ಇರುತ್ತದೆ. ಅದು ಕಡುಗಪ್ಪಾದ್ದರಿಂದ ತೊಟ್ಟು ನಡೆಯಲಾಗದು, ಬಿಚ್ಚಿ ಪಾರದರ್ಶಕ ಅಕ್ರಿಲಿಕ್ ತುಂಡು ಕೂರಿಸಬೇಕು. ಮುಖಕ್ಕೆ ಒಪ್ಪುವ ಆಕಾರ ಮಾತ್ರ ಮೊದಲೇ ಸಿದ್ಧವಾಗಿರುತ್ತದೆ. ಮುಚ್ಚಳದ ಗಾಗಲ್ಸ್ ನೋಟಕ್ಕೆ ಇದಕ್ಕಿಂತ ಸ್ವಂತಿಕೆಯುಳ್ಳದ್ದಾದರೂ ಮೂಗಿನ ಮೇಲೆ ಕೂರುವುದಿಲ್ಲ, ಕೆನ್ನೆಯನ್ನು ಒತ್ತುತ್ತದೆ. ಆದ್ದರಿಂದ ಕಣ್ಣಿಗೆ ಹಾಕುವುದಾದರೆ ವೆಲ್ಡಿಂಗಿನದು, ಟೋಪಿಯ ಪಟ್ಟಿಗೆ ಏರಿಸಿಡುವುದಾದರೆ ಮುಚ್ಚಳದ್ದು. ಎರಡಕ್ಕೂ ಪಟ್ಟಿ ನಿಜವಾದ ಚರ್ಮದ್ದೇ ಇರಲಿ.

ಉಡುಪನ್ನು ಹೊಸದಾಗಿ ಹೊಲಿಯುವುದೋ, ಹಳೆಯದನ್ನು ತಿದ್ದುವುದೋ ಎಂಬ ಪ್ರಶ್ನೆಗೆ, ಹೊಲಿಗೆ ಬಲ್ಲವರನ್ನು ಬಿಟ್ಟರೆ ಉಳಿದವರಿಗೆಲ್ಲ ಹಳೆಯದೇ ಉತ್ತರ. ಹೊಸ ವೆಸ್ಟ್‌ಕೋಟು ಹೊಲಿಯಲು ಹೋದರೆ ಲೈನಿಂಗು, ಗುಂಡಿಮನೆ, ಹೆಗಲಿನ ಇಳಿಜಾರುಗಳಲ್ಲೇ ಉತ್ಸಾಹ ಕರಗುತ್ತದೆ. ಹಳೆಯದರ ಪ್ಲಾಸ್ಟಿಕ್ ಗುಂಡಿ ಕಿತ್ತು ಲೋಹದ್ದು ಹೊಲಿದು, ಗುಂಡಿಮನೆಯಿಂದ ಜೇಬಿಗೆ ಗಡಿಯಾರದ ಸರಪಳಿ ಇಳಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಬಿಳಿ ಅಂಗಿಯನ್ನು ಹಳೆಯದಾಗಿಸಲು ಕಡು ಚಹಾದಲ್ಲಿ ಅದ್ದುವ ಉಪಾಯ ಹತ್ತಿಗೆ ಚೆನ್ನಾಗಿ ಹಿಡಿಯುತ್ತದೆ, ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ. ಕೊಳ್ಳುವಾಗಲೇ ಒಳಗಿನ ಚೀಟಿ ಓದಿಕೊಳ್ಳಬೇಕು.

ಬಣ್ಣದಲ್ಲಿ ಮಾತ್ರ ನಾನು ಬಹುಮತದ ವಿರುದ್ಧ ನಿಲ್ಲುತ್ತೇನೆ. ಇಡೀ ವೇಷ ಕಂದು ಬಣ್ಣದ್ದೇ ಆಗಿರಬೇಕೆಂಬ ರೂಢಿಗೆ ಚರಿತ್ರೆಯ ಬೆಂಬಲವಿಲ್ಲ. ಈ ವೇಷಕ್ಕೆ ಆಧಾರವಾದ ಉಗಿಯಂತ್ರಗಳ ಕಾಲದಲ್ಲಿ, 1837ರಿಂದ 1901ರವರೆಗೆ, ಬ್ರಿಟನ್ನನ್ನು ವಿಕ್ಟೋರಿಯಾ ರಾಣಿ ಆಳಿದಳು. ಆ ಅವಧಿಯ ನಡುವೆಯೇ, 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮಲೇರಿಯಾದ ಮದ್ದಾದ ಕ್ವಿನೈನ್ ತಯಾರಿಸಲು ಹೊರಟು ಮಾವೀನ್ ಎಂಬ ನೇರಳೆ ಕೃತಕ ಬಣ್ಣವನ್ನು ಪಡೆದ ಮೇಲೆ ಗಾಢ ಬಣ್ಣದ ಬಟ್ಟೆ ಫ್ಯಾಷನ್ನೇ ಆಯಿತು. ಕಂದು ಅಂಗಿ, ಕಂದು ಕೋಟು, ಕಂದು ಚರ್ಮ ತೊಟ್ಟಾಗ ಕೈಯ ಕವಚ ಬಟ್ಟೆಯೊಳಗೆ ಕಳೆದುಹೋಗುತ್ತಿತ್ತು. ಕಂದು ವೆಸ್ಟ್‌ಕೋಟಿನ ಬದಲು ನೇರಳೆಯದನ್ನು ತೊಟ್ಟ ದಿನ ಅದೇ ಹಿತ್ತಾಳೆ ಬಣ್ಣ, ಅದೇ ಕಪ್ಪು ಚರ್ಮ ಎದ್ದು ಕಂಡವು, ಸೇರಿಸಬೇಕೆಂದಿದ್ದ ಮತ್ತೆರಡು ಮಾಪಕಗಳ ಅಗತ್ಯವೇ ಬೀಳಲಿಲ್ಲ.