ಹೊರಗೆ ಹಳೆಯ ದೋಣಿ, ಒಳಗೆ ವಿದ್ಯುತ್ ಮೋಟಾರ್: ನ್ಯಾರೋಬೋಟ್ ಪರಿವರ್ತನೆಯ ವಿಮರ್ಶೆ

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ (ಕಾಲುವೆಗೆಂದೇ ಕಟ್ಟಿದ ಕಿರಿದಾದ, ಉದ್ದನೆಯ ದೋಣಿ) ಇಟ್ಟುಕೊಂಡು, ಅದರ ಡೀಸೆಲ್ ಎಂಜಿನ್ ತೆಗೆಸಿ ವಿದ್ಯುತ್ ಮೋಟಾರ್ ಹಾಕಿಸಲು ಯೋಚಿಸುತ್ತಿರುವ ಕನ್ನಡಿಗರಿಗೆ ಅನುಕೂಲವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಕೆಲಸ ಮಾಡಿಕೊಟ್ಟ ಕಾರ್ಯಾಗಾರದ ಹೆಸರು ಹೇಳಿದರೆ ನಮ್ಮ ದೋಣಿ ಯಾವುದೆಂದು ಆ ಕಡೆಯವರಿಗೆ ತಿಳಿದುಬಿಡುವುದರಿಂದ ಹೆಸರನ್ನು ಬಿಟ್ಟಿದ್ದೇನೆ.

ಬೆಲೆಬಾಳುವ ಬ್ಯಾಟರಿಗಳು ಕಳುವಾಗದಿರಲೆಂದು, ದಡದಲ್ಲಿ ನಡೆದುಹೋಗುವವರಿಗೆ ದೋಣಿ ಬದಲಾಗಿರುವುದು ಗೊತ್ತಾಗಬಾರದು ಎಂಬುದೇ ನಮ್ಮ ಮೊದಲ ಷರತ್ತಾಗಿತ್ತು. ಕಾಲುವೆಯ ಪಕ್ಕದ ದಾರಿ ಸಾಮಾನ್ಯವಾಗಿ ಹಗಲೂ ರಾತ್ರಿಯೂ ಎಲ್ಲರಿಗೂ ತೆರೆದಿರುತ್ತದೆ. ಸುಮಾರು 30 ಯೂನಿಟ್ ವಿದ್ಯುತ್ ಹಿಡಿಯುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ದೋಣಿಯ ಹಿಂಭಾಗದ ಹಲಗೆಗಳ ಕೆಳಗೆ, ಒಂದು ಬೀಗದ ಭರವಸೆಯ ಮೇಲೆ ಇರುತ್ತವೆ. ಈ ಷರತ್ತನ್ನು ಕಾರ್ಯಾಗಾರದವರು ಮನಸ್ಸಿಟ್ಟು ಪಾಲಿಸಿದ್ದಾರೆ. ಚುಕ್ಕಾಣಿಯ ಬಳಿ ಮುಂದಕ್ಕೂ ಹಿಂದಕ್ಕೂ ಎಳೆಯುವ ಹಳೆಯ ಸನ್ನೆಗೋಲನ್ನೇ ಉಳಿಸಿಕೊಂಡು, ಅದರ ತಂತಿ ಎಂಜಿನ್ನಿಗೆ ಹೋಗುತ್ತಿದ್ದ ಜಾಗದಲ್ಲಿ ಮೋಟಾರಿಗೆ ಸಂಕೇತ ಕಳುಹಿಸುವ ಸಾಧನವನ್ನು ಕೂರಿಸಿದರು. ಡೀಸೆಲ್ ತುಂಬುವ ಹಿತ್ತಾಳೆಯ ಮುಚ್ಚಳ ಇದ್ದಲ್ಲೇ ಇದೆ. ಟ್ಯಾಂಕ್ ಈಗ ಜನರೇಟರಿಗೂ ಹೀಟರಿಗೂ ಬಳಕೆಯಾಗುತ್ತದೆ. ಹೊಗೆ ಹೋಗುತ್ತಿದ್ದ ರಂಧ್ರವನ್ನೂ ಜನರೇಟರಿಗೇ ಜೋಡಿಸಿದ್ದಾರೆ. ಎಂಜಿನ್ನಿನ ಬಿಸಿಯನ್ನು ಕಾಲುವೆಯ ನೀರಿಗೆ ಬಿಡುತ್ತಿದ್ದ, ಒಡಲಿನ ಒಳಮೈಗೆ ಬೆಸೆದ ತೊಟ್ಟಿಯೇ ಈಗ ಮೋಟಾರನ್ನು ತಂಪಾಗಿಡುತ್ತದೆ. ಸೋಲಾರ್ ಫಲಕಗಳನ್ನು ಓರೆಯಾಗಿ ಎತ್ತದೆ ಚಾವಣಿಗೆ ಮಟ್ಟವಾಗಿ ಮಲಗಿಸಿದ್ದರಿಂದ ಚಳಿಗಾಲದ ತಗ್ಗಿದ ಬಿಸಿಲಿನಲ್ಲಿ ಉತ್ಪಾದನೆ ಕಡಿಮೆಯಾಗುತ್ತದೆ. ಆದರೂ ಕಣ್ಣಿಗೆ ಬೀಳದಿರುವ ಲಾಭಕ್ಕಾಗಿ ನಾನು ಅದನ್ನು ಒಪ್ಪುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಅವರ ಎಚ್ಚರ ಸಾಲಲಿಲ್ಲ. ಬ್ಯಾಟರಿಯ ಅಳತೆ ತೋರಿಸುವ ಸಾಧನದ ಬ್ಲೂಟೂತ್ ಚಾಲೂ ಇತ್ತು, ಗುಪ್ತಸಂಖ್ಯೆಯೂ ತಯಾರಕರು ಕೊಟ್ಟದ್ದೇ ಆಗಿತ್ತು. ಹತ್ತಿರ ಬಂದ ಯಾರ ಫೋನಿನಲ್ಲಾದರೂ ಸಾಧನದ ಹೆಸರು ಕಾಣಿಸಿಕೊಳ್ಳುತ್ತಿದ್ದಾಗ ಹಳೆಯ ಮುಚ್ಚಳವನ್ನು ಉಳಿಸಿಕೊಂಡು ಏನು ಪ್ರಯೋಜನ? ದೋಣಿಯನ್ನು ವಶಕ್ಕೆ ಪಡೆಯುವ ದಿನವೇ ಇದನ್ನು ಕೇಳಿ ಸರಿಪಡಿಸಿಕೊಳ್ಳಿ.

ನೀರಿನ ಮೇಲೆ ಈ ವ್ಯವಸ್ಥೆ ಮನಸ್ಸಿಗೆ ಹಿಡಿಸಿದೆ. ಹೆಚ್ಚಿನ ಕಾಲುವೆಗಳಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ ಮಾತ್ರ. ನಮ್ಮ 57 ಅಡಿಯ ದೋಣಿ ಅದಕ್ಕಿಂತ ನಿಧಾನವಾಗಿ ಸಾಗುವಾಗ ಗಂಟೆಗೆ ಎರಡರಿಂದ ಮೂರು ಯೂನಿಟ್ ಖರ್ಚಾಗುತ್ತದೆ. ಹೊಳೆಯಲ್ಲಿ ಸೆಳವಿಗೆ ಎದುರಾದರೆ ಈ ಲೆಕ್ಕ ನಡೆಯುವುದಿಲ್ಲ. ಮೋಟಾರ್ ಸದ್ದು ಮಾಡುವುದಿಲ್ಲ; ಗುಟ್ಟು ಬಯಲಾಗುವುದೂ ಈ ನಿಶ್ಶಬ್ದದಿಂದಲೇ. ಲಾಕಿನೊಳಗೆ (ನೀರಿನ ಮಟ್ಟ ಬದಲಿಸಿ ದೋಣಿಯನ್ನು ಏರಿಸಿ ಇಳಿಸುವ, ಬಾಗಿಲುಗಳಿರುವ ಕಟ್ಟೆ) ದೋಣಿ ಸದ್ದಿಲ್ಲದೆ ಸರಿಯುವುದನ್ನು ಕಂಡವರು ಎಂಜಿನ್ ಕೆಟ್ಟಿತೇ ಎಂದು ಕೇಳುತ್ತಾರೆ. ‘ಇಲ್ಲ, ಮೋಟಾರ್ ಇದೆ’ ಎಂದು ನಿಜವನ್ನೇ ಹೇಳಿದರೆ ಸಾಕು. ಬ್ಯಾಟರಿ ಎಷ್ಟು ದೊಡ್ಡದು, ಎಲ್ಲಿದೆ, ಬೆಲೆಯೆಷ್ಟು ಎಂಬ ಮುಂದಿನ ಪ್ರಶ್ನೆಗಳಿಗೆ ಉತ್ತರಿಸಲೇಬೇಕಾಗಿಲ್ಲ. ಸೇತುವೆಯ ತಿರುವುಗಳಲ್ಲಂತೂ ಗುಟ್ಟಿನ ಯೋಚನೆ ಬಿಟ್ಟು ಹಾರ್ನ್ ಮಾಡಲೇಬೇಕು, ಏಕೆಂದರೆ ಎದುರಿನಿಂದ ಬರುವವರಿಗೆ ನಾವು ಬರುತ್ತಿರುವುದು ಕೇಳಿಸುವುದಿಲ್ಲ.

ವಿಮಾ ಕಂಪನಿಯಿಂದಾಗಲಿ, 4 ವರ್ಷಕ್ಕೊಮ್ಮೆ ನಡೆಯುವ ಬೋಟ್ ಸೇಫ್ಟಿ ಸ್ಕೀಮ್ ತಪಾಸಣೆಯವರಿಂದಾಗಲಿ, ಪರವಾನಗಿ ಕೊಡುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನಿಂದಾಗಲಿ ಏನನ್ನೂ ಮುಚ್ಚಿಡಬಾರದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಕಾರ್ಯಾಗಾರದವರು ತಂತಿಗಳ ನಕ್ಷೆಯನ್ನೂ ಫ್ಯೂಸ್‌ಗಳ ಅಳತೆಯನ್ನೂ ಬರೆದುಕೊಟ್ಟದ್ದಲ್ಲದೆ, ಬ್ಯಾಟರಿಯನ್ನು ಪೂರ್ತಿ ಬೇರ್ಪಡಿಸುವ ಕೆಂಪು ಸ್ವಿಚ್ಚಿಗೆ ಸ್ಪಷ್ಟವಾದ ಚೀಟಿ ಅಂಟಿಸಿದ್ದಾರೆ. ಅದನ್ನು ಮೆಟ್ಟಿಲ ಬಳಿ, ಬೆಂಕಿ ಆರಿಸಲು ಬಂದವರ ಕೈಗೆ ತಕ್ಷಣ ಸಿಗುವಂತೆ ಇಟ್ಟಿರುವುದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ.

ಚಳಿಗಾಲದಲ್ಲಿ ಸೋಲಾರ್ ಸಾಲದೆ ಜನರೇಟರ್ ಹಾಕಲೇಬೇಕಾಗುತ್ತದೆ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ, ಕಟ್ಟಿ ನಿಂತ ದೋಣಿಯಲ್ಲಿ ಅದನ್ನು ಓಡಿಸುವಂತಿಲ್ಲವಾದ್ದರಿಂದ ಹಗಲಿನಲ್ಲೇ ಚಾರ್ಜ್ ಮಾಡಿಕೊಳ್ಳಬೇಕು. ವರ್ಷವಿಡೀ ದೋಣಿಯಲ್ಲೇ ವಾಸಿಸುವವರು ವಿದ್ಯುತ್ ಸಂಪರ್ಕವಿರುವ ತಂಗುದಾಣವನ್ನು ಮೊದಲು ಹುಡುಕಿಕೊಂಡು, ಆಮೇಲೆ ಈ ಕೆಲಸಕ್ಕೆ ಮುಂಗಡ ಕೊಡುವುದು ಒಳ್ಳೆಯದು.