14 ಮಳೆಗಾಲ ಕಂಡ ಉಪ್ಪಿನಕಾಯಿ ಭರಣಿ

ಬದಿಯಡ್ಕದ ಪಾತ್ರೆ ಅಂಗಡಿಯಿಂದ ಈ 10 ಲೀಟರಿನ ಭರಣಿ ತಂದು 14 ವರ್ಷ ಆಯಿತು. ಕೆಳಗೆ ಬಿಳಿ, ಹೆಗಲಿನಿಂದ ಮೇಲೆ ಕಂದು. ಕಾಟು ಮಾವಿನ ಮಿಡಿಯನ್ನು ಒಂದು ವರ್ಷವೂ ತಪ್ಪದೆ ಇದಕ್ಕೇ ಹಾಕಿದ್ದೇನೆ. ಇಷ್ಟು ಉಪ್ಪು, ಹುಳಿ, ಖಾರ ಕುಡಿದರೂ ಒಳಗಿನ ನುಣುಪು ಹಾಗೇ ಇದೆ. ತೊಳೆದು ಬಿಸಿಲಿಗಿಟ್ಟರೆ ಹಳೆಯ ವಾಸನೆಯೂ ಉಳಿಯುವುದಿಲ್ಲ. ಒಂದು ವರ್ಷ ಮಿಡಿ ಜಾಸ್ತಿಯಾಗಿ ಸ್ಟೀಲ್ ಡಬ್ಬಿಗೂ ಹಾಕಿದ್ದೆ. ಮಳೆಗಾಲದ ಆಟಿ ತಿಂಗಳು ಮುಗಿಯುವಾಗ ಅದರ ತಳದಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಗುಳಿಗಳು!

ಮಣ್ಣಿನ ಮಡಕೆ ನೀರು ಕುಡಿಯುತ್ತದೆ, ಅಲ್ವಾ? ಭರಣಿ ಕುಡಿಯುವುದಿಲ್ಲ. ಇದನ್ನು ಸುಮಾರು 1200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡುತ್ತಾರೆ. ಆಗ ಮಣ್ಣಿನೊಳಗೇ ಸ್ವಲ್ಪ ಭಾಗ ಗಾಜಿನ ಹಾಗೆ ಕರಗಿ ಸಂದುಗಳನ್ನು ಮುಚ್ಚಿಬಿಡುತ್ತದೆ.

ಮುಂಬಯಿಯಲ್ಲಿರುವ ನಾದಿನಿ ಇದಕ್ಕೆ ಮರ್ತಬಾನ್ ಅನ್ನುತ್ತಾಳೆ. ಬರ್ಮಾದ ಮಾರ್ತಬಾನ್ ಬಂದರಿನಿಂದ ಬಂದ ಹೆಸರು ಅದು. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ, ಕಡಲ ಪಯಣಕ್ಕೆಂದು ಉಪ್ಪು ಹಾಕಿದ ಮಾವು, ನಿಂಬೆ, ಮೆಣಸು ತುಂಬಿದ ಮರ್ತಬಾನ್‌ಗಳ ಬಗ್ಗೆ ಬರೆದಿದ್ದಾನೆ. ಓದಿದಾಗ ನಮ್ಮ ಉಗ್ರಾಣವೇ ಕಣ್ಣೆದುರು ಬಂತು.

ಎಲ್ಲ ಭರಣಿಯೂ ಹೀಗಿರುವುದಿಲ್ಲ. ಮೂರು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 5 ಲೀಟರಿನದ್ದು ತರಿಸಿದೆ. ನೋಡಲು ಬಹಳ ಚಂದ. ಮೂರನೇ ವಾರಕ್ಕೆ ಹೊರಮೈಯಲ್ಲಿ ಬಿಳಿ ಉಪ್ಪು ಹೂವಿನ ಹಾಗೆ ಎದ್ದಿತ್ತು. ಮೇಲೆ ಹೊಳಪಿತ್ತು, ಒಳಗಿನ ಮಣ್ಣು ಸರಿಯಾಗಿ ಬೆಂದಿರಲಿಲ್ಲ. ಉಪ್ಪುನೀರು ಇಳಿದು ಮಿಡಿಗೆ ಬೂಸಲು ಬಂತು. ನಾನೇ ಆರಿಸಿ ಒರೆಸಿ ಹಾಕಿದ ಮಿಡಿಗಳು. ತೆಂಗಿನ ಬುಡಕ್ಕೆ ಚೆಲ್ಲುವಾಗ ಹೊಟ್ಟೆ ಉರಿಯಿತು. ಹಣವೂ ವಾಪಸು ಬರಲಿಲ್ಲ.

ಅತ್ತೆಯ ಮಾತು ಕೇಳಬೇಕಿತ್ತು. ಅವರು ಅಂಗಡಿಯಲ್ಲೇ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು. ಒಳ್ಳೆಯದಾದರೆ ಗಂಟೆಯ ಹಾಗೆ ಸ್ವರ, ಬಿರುಕಿದ್ದರೆ ಒಡಕು ಸದ್ದು. ಮನೆಗೆ ತಂದ ಮೇಲೆ ನೀರು ತುಂಬಿ, ಭರಣಿಯ ಕೆಳಗೆ ಪೇಪರ್ ಹಾಕಿ ಒಂದೆರಡು ದಿನ ಇಡಿ. ಪೇಪರ್ ಒದ್ದೆಯಾದರೆ ಉಪ್ಪಿನಕಾಯಿಗೆ ಬೇಡ.

ತೊಂದರೆಯೂ ಇದೆ. ತುಂಬಿದ ಭರಣಿ ಎತ್ತಲು ಇಬ್ಬರು ಬೇಕು. ಕುದಿಯುವ ನೀರು ಹೊಯ್ಯಲೇಬಾರದು, ಸೀಳುತ್ತದೆ. ಮುಚ್ಚಳ ಗಾಳಿ ತಡೆಯುವುದಿಲ್ಲ, ಬಾಯಿಗೆ ಬಟ್ಟೆ ಕಟ್ಟಲೇಬೇಕು. ಆರನೇ ವರ್ಷ ಮುಚ್ಚಳ ಕೈಜಾರಿ ಒಡೆಯಿತು. ಬಿಡಿಯಾಗಿ ಎಲ್ಲಿಯೂ ಸಿಗಲಿಲ್ಲ. ಊರಿನ ಆಚಾರಿ ಹಲಸಿನ ಹಲಗೆಯಲ್ಲಿ ಒಂದು ಮಾಡಿಕೊಟ್ಟರು, ಈಗಲೂ ಅದೇ ಇದೆ.