ಔಟ್‌ರೀಚಿ, ಜಿಸಾಕ್, ಎಲ್‌ಎಫ್‌ಎಕ್ಸ್: ಯಾವುದಕ್ಕೆ ಮೊದಲು ಅರ್ಜಿ ಹಾಕಬೇಕು?

ಈ ಮೂರೂ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರಿಗೆ ಮೆಂಟರ್ ಎಂಬ ಮಾರ್ಗದರ್ಶಕರ ಜೊತೆ ಮನೆಯಿಂದಲೇ ಕೆಲಸ ಮಾಡಿ ಕಲಿಯುವ, ದುಡ್ಡೂ ಕೊಡುವ ಕಾರ್ಯಕ್ರಮಗಳು. ಒಮ್ಮೆ ಗೂಗಲ್ ಸಮ್ಮರ್ ಆಫ್ ಕೋಡ್ (ಜಿಸಾಕ್) ಮಾಡಿದವರು ಮತ್ತೆ ಔಟ್‌ರೀಚಿಗೆ ಅರ್ಜಿ ಹಾಕುವಂತಿಲ್ಲ. ಈ ನಿಯಮ ಗೊತ್ತಿಲ್ಲದೆ ಅವಕಾಶ ಕಳೆದುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಮೊದಲು ಇದನ್ನು ಹೇಳುತ್ತಿದ್ದೇನೆ. ಕಳೆದ ವಾರ ಕಾಸರಗೋಡಿನ ಬದಿಯಡ್ಕ ಕಡೆಯ ಇಬ್ಬರು ಎರಡನೇ ವರ್ಷದ ಹುಡುಗಿಯರು ಮನೆಗೆ ಬಂದು, "ಅಕ್ಕಾ, ಯಾವುದಕ್ಕೆ ಹಾಕುವುದು?" ಎಂದು ಕೇಳಿದರು. ನಾನು ಮೂರಕ್ಕೂ ಹಾಕಿದವಳು. 2023ರಲ್ಲಿ ಔಟ್‌ರೀಚಿ, ಸಿಗಲಿಲ್ಲ. 2024ರಲ್ಲಿ ಜಿಸಾಕ್, 2025ರಲ್ಲಿ ಎಲ್‌ಎಫ್‌ಎಕ್ಸ್, ಎರಡನ್ನೂ ಮುಗಿಸಿದೆ.

ದುಡ್ಡಿನ ವಿಷಯ ಎಲ್ಲರೂ ಮೊದಲು ಕೇಳುವುದರಿಂದ ಅದನ್ನೇ ಮೊದಲು ಮುಗಿಸುತ್ತೇನೆ. ಔಟ್‌ರೀಚಿಯಲ್ಲಿ ಯಾವ ದೇಶದವರಿಗೂ ಒಂದೇ ಮೊತ್ತ, 7000 ಡಾಲರ್. ಮೂರು ತಿಂಗಳು, ವಾರಕ್ಕೆ ಸುಮಾರು 30 ಗಂಟೆ ಕೆಲಸ. ಜಿಸಾಕ್‌ನಲ್ಲಿ ದೇಶದ ಜೀವನವೆಚ್ಚ ನೋಡಿ ಮೊತ್ತ ನಿಗದಿ ಮಾಡುತ್ತಾರೆ. ಭಾರತದವರಿಗೆ 175 ಗಂಟೆಯ ಯೋಜನೆಗೆ 1500 ಡಾಲರ್, 350 ಗಂಟೆಯದಕ್ಕೆ 3000. ಲಿನಕ್ಸ್ ಫೌಂಡೇಶನ್ನಿನ ಎಲ್‌ಎಫ್‌ಎಕ್ಸ್ ಮೆಂಟರ್‌ಶಿಪ್‌ನಲ್ಲಿ 12 ವಾರಗಳ ಅವಧಿಗೆ ನನಗೆ ಸಿಕ್ಕಿದ್ದು 3000. ಗಂಟೆಯ ಲೆಕ್ಕಕ್ಕೆ ಇಳಿಸಿದರೆ ಔಟ್‌ರೀಚಿಯದು ಜಿಸಾಕ್‌ನ ಎರಡು ಪಟ್ಟಿಗೂ ಹೆಚ್ಚು. ಹಾಗಿದ್ದರೂ ಮೊತ್ತ ನೋಡಿ ಮಾತ್ರ ಆರಿಸಬೇಡಿ.

ಔಟ್‌ರೀಚಿ 2010ರಲ್ಲಿ ಗ್ನೋಮ್ ಎಂಬ ಓಪನ್ ಸೋರ್ಸ್ ಬಳಗದಲ್ಲಿ ಹೆಣ್ಣುಮಕ್ಕಳಿಗಾಗಿ ಶುರುವಾದದ್ದು. ಈಗ ತಂತ್ರಜ್ಞಾನದಲ್ಲಿ ಕಡಿಮೆ ಸಂಖ್ಯೆಯಲ್ಲಿರುವ, ತಾರತಮ್ಯ ಅನುಭವಿಸಿದ ಎಲ್ಲರಿಗೂ ತೆರೆದಿದೆ. ಮೊದಲ ಹಂತದಲ್ಲೇ ಕೆಲವು ಪ್ರಶ್ನೆಗಳಿಗೆ ಪ್ರಬಂಧದ ಹಾಗೆ ಉತ್ತರ ಬರೆಯಬೇಕು: ನೀವು ಓದುವ ಜಾಗದಲ್ಲಿ ನಿಮ್ಮಂಥವರು ಎಷ್ಟು ಮಂದಿ, ಏನೇನು ಅಡ್ಡಿ ಎದುರಾಯಿತು, ಹೀಗೆ. ಕೇರಳದೊಳಗೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮಲಯಾಳ ಸರಿಯಾಗಿ ಓದಲು ಬಾರದೆ, ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ಹೆದರಿ ಲ್ಯಾಬಿನ ಹಿಂದಿನ ಸಾಲಿನಲ್ಲಿ ಕೂತ ಎರಡು ವರ್ಷಗಳನ್ನು ಅಲ್ಲಿ ಬರೆದೆ. ಅಲ್ಲಿಯವರೆಗೆ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಮೊದಲ ಹಂತ ದಾಟಿದೆ.

ಎರಡನೇ ಹಂತ ಮಾರ್ಚ್‌ನಲ್ಲಿ. ಸುಮಾರು ಒಂದು ತಿಂಗಳು, ನೀವೇ ಆರಿಸಿಕೊಂಡ ಯೋಜನೆಗೆ ನಿಜವಾದ ಕೆಲಸ ಮಾಡಿ ತೋರಿಸಬೇಕು. ನನ್ನದು ಪಠ್ಯ ಶುದ್ಧಗೊಳಿಸುವ ಒಂದು ಉಪಕರಣ. ಅದರಲ್ಲಿ ಕನ್ನಡ ಹಾಕಿ ನೋಡಿದೆ. 'ರ‍್ಯಾಂಕ್' ಎಂದು ಕೊಟ್ಟರೆ ಹೊರಗೆ 'ರ್ಯಾಂಕ್' ಬರುತ್ತಿತ್ತು. ರಕಾರದ ನಂತರ ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರ ಇದ್ದರೆ ಯಕಾರ ಒತ್ತಾಗಿ ಕೆಳಗೆ ಕೂರುತ್ತದೆ. ಅದನ್ನು ತೆಗೆದರೆ ರಕಾರ ಅರ್ಕಾವತ್ತಾಗಿ ಪಕ್ಕಕ್ಕೆ ಹೋಗುತ್ತದೆ. ಕಾಣದ ಅಕ್ಷರಗಳೆಲ್ಲ ಕಸ ಎಂದುಕೊಂಡು ಆ ಉಪಕರಣ ಅವನ್ನು ಗುಡಿಸಿ ಹಾಕುತ್ತಿತ್ತು. ತಿದ್ದಿದ್ದು ಮೂರೇ ಸಾಲು, ಆದರೆ ಯಾಕೆ ತಿದ್ದಬೇಕು ಎಂದು ವಿವರಿಸಲು ಒಂದು ಪುಟ ಬರೆದೆ, ಇಪ್ಪತ್ತು ಕನ್ನಡ ಪದಗಳ ಟೆಸ್ಟ್ ಸೇರಿಸಿದೆ. ನಾಲ್ಕನೇ ದಿನ ಅದು ಮರ್ಜ್ ಆಯಿತು, ಅಂದರೆ ಉಪಕರಣದ ಮೂಲ ಕೋಡಿಗೇ ಸೇರಿತು. ಆ ರಾತ್ರಿ ಅಪ್ಪನನ್ನು ಎಬ್ಬಿಸಿ ತೋರಿಸಿದ್ದೆ. ಇದ್ದದ್ದು ಒಂದೇ ಜಾಗ, ಅದು ಬೇರೊಬ್ಬರಿಗೆ ಹೋಯಿತು. ಆದರೂ ಮೂರರಲ್ಲಿ ನಾನು ಅತಿ ಹೆಚ್ಚು ಕಲಿತದ್ದು, ಒಂದು ಪೈಸೆಯೂ ಸಿಗದ ಆ ತಿಂಗಳಲ್ಲಿ.

ಔಟ್‌ರೀಚಿಯಲ್ಲಿ ನಮಗೆ ಕಷ್ಟವಾಗುವುದು ಕ್ಯಾಲೆಂಡರ್. ಮೇ ಕೊನೆಯಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಸತತ 49 ದಿನ ಕಾಲೇಜಿನ ಪೂರ್ತಿ ಹೊರೆ ಇರಬಾರದು. ನಮ್ಮ ಸೆಮಿಸ್ಟರ್ ಪರೀಕ್ಷೆ ಹಿಂದೆ ಮುಂದೆ ಹೋಗುವುದು ನಿಮಗೆ ಗೊತ್ತೇ ಇದೆ. ಅರ್ಜಿಗೆ ಮೊದಲು ಪೆನ್ಸಿಲ್ ಹಿಡಿದು ದಿನ ಎಣಿಸಿ.

ಜಿಸಾಕ್ ಈ ವಿಷಯದಲ್ಲಿ ಸಡಿಲ. 2005ರಲ್ಲಿ ಶುರುವಾದಾಗಿನಿಂದ ವಿದ್ಯಾರ್ಥಿಗಳಿಗೆ ಮಾತ್ರ ಇತ್ತು. 2022ರಿಂದ 18 ತುಂಬಿದ, ಓಪನ್ ಸೋರ್ಸಿಗೆ ಹೊಸಬರಾದ ಯಾರು ಬೇಕಾದರೂ ಹಾಕಬಹುದು. ಕೆಲಸದ ಅವಧಿಯನ್ನು ಮೆಂಟರ್ ಒಪ್ಪಿಗೆಯಿಂದ ಉದ್ದ ಮಾಡಿಕೊಳ್ಳಬಹುದು. ನಾನು 175 ಗಂಟೆಯದನ್ನು ಆರಿಸಿದೆ, ವಾರಕ್ಕೆ 15 ಗಂಟೆ ಹತ್ತಿರ. ಇಲ್ಲಿ ಗೆಲ್ಲಿಸುವುದು ಪ್ರಪೋಸಲ್. ಯಾವ ವಾರ ಏನು ಮಾಡುತ್ತೇನೆ, ಸಿಕ್ಕಿಹಾಕಿಕೊಂಡರೆ ಯಾವುದನ್ನು ಕೈಬಿಡುತ್ತೇನೆ ಎಂದು ಬರೆಯಬೇಕು. ಬರೆಯುವಾಗ ಹಿಂದಿನ ವರ್ಷದ ಆ ಮೂರು ಸಾಲೇ ನನಗೆ ಬಂಡವಾಳವಾಯಿತು.

ಇದರ ಹೆಸರಿನಲ್ಲಿರುವ ಬೇಸಿಗೆ ನಮ್ಮ ಬೇಸಿಗೆಯಲ್ಲ. ಕೋಡಿಂಗ್ ಶುರುವಾದದ್ದು ಮೇ 27ಕ್ಕೆ, ಮಳೆ ಹಿಡಿದದ್ದು ಅದರ ಬೆನ್ನಿಗೇ. ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಒಂದು ಸಲ ತೋಟದ ಅಡಿಕೆ ಮರ ಲೈನಿನ ಮೇಲೆ ಬಿದ್ದು ಎರಡು ದಿನ ಕರೆಂಟಿರಲಿಲ್ಲ. ಮೆಂಟರ್ ಜರ್ಮನಿಯವರು, ಅವರ ಸಂಜೆ ನಾಲ್ಕು ನಮಗೆ ಏಳೂವರೆ. ಪೇಟೆಯಲ್ಲಿರುವ ಚಿಕ್ಕಮ್ಮನ ಮನೆಗೆ ಲ್ಯಾಪ್‌ಟಾಪನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗಿ ಕರೆಗೆ ಕೂತೆ. ಮಳೆಗಾಲದಲ್ಲಿ ಹೀಗಾಗುತ್ತದೆ ಎಂದು ಪ್ರಪೋಸಲಿನಲ್ಲೇ ಬರೆದು, ಒಂದು ವಾರ ಖಾಲಿ ಬಿಟ್ಟಿದ್ದೆ. ಹಾಗಾಗಿ ಯಾರಿಗೂ ಕ್ಷಮೆ ಕೇಳಬೇಕಾಗಲಿಲ್ಲ. ನೀವೂ ಹಾಗೇ ಮಾಡಿ.

ಎಲ್‌ಎಫ್‌ಎಕ್ಸ್ ವರ್ಷಕ್ಕೆ ಮೂರು ಸಲ ನಡೆಯುತ್ತದೆ, ಅದೇ ಅದರ ದೊಡ್ಡ ಅನುಕೂಲ. ನಾನು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನದನ್ನು ಹಿಡಿದೆ. ಸಂಜೆಯ ಗುಡುಗಿಗೆ ರೌಟರ್ ತೆಗೆದಿಡಬೇಕಿತ್ತು, ಬೇರೆ ತೊಂದರೆ ಇರಲಿಲ್ಲ. ಅರ್ಜಿಗೆ ರೆಸ್ಯೂಮೆ, ಒಂದು ಪತ್ರ, ಕೆಲವು ಕಡೆ ಒಂದು ಸಣ್ಣ ಕೆಲಸ. ಆದರೆ ಹೆಚ್ಚಿನ ಯೋಜನೆಗಳು ಹಲವು ಸರ್ವರುಗಳಲ್ಲಿ ಪ್ರೋಗ್ರಾಂಗಳನ್ನು ನಡೆಸುವ ಕುಬರ್ನೆಟಿಸ್ ಎಂಬ ಸಾಫ್ಟ್‌ವೇರಿನ ಸುತ್ತಲಿನವು, ಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಬರಬೇಕು. 8 ಜಿಬಿಯ ನನ್ನ ಲ್ಯಾಪ್‌ಟಾಪಿನಲ್ಲಿ ಕುಬರ್ನೆಟಿಸನ್ನು ಒಂದೇ ಕಂಪ್ಯೂಟರಿನಲ್ಲಿ ನಡೆಸಿ ನೋಡುವ ಮಿನಿಕ್ಯೂಬ್ ಹಾಕಿದರೆ ಬ್ರೌಸರ್ ಮುಚ್ಚಬೇಕಿತ್ತು. ಮೊದಲ ಸಲದವರಿಗೆ ಇದಕ್ಕೆ ಹಾಕಿ ಎಂದು ನಾನು ಹೇಳುವುದಿಲ್ಲ.

ಆ ಇಬ್ಬರಲ್ಲಿ ಒಬ್ಬಳಿಗೆ ಮುಂದಿನ ಜನವರಿಯಲ್ಲಿ ಔಟ್‌ರೀಚಿಗೆ ಹಾಕಲು ಹೇಳಿದ್ದೇನೆ. ಸಿಗದಿದ್ದರೆ ಅದೇ ಕೆಲಸ ಇಟ್ಟುಕೊಂಡು ಮರುವರ್ಷ ಜಿಸಾಕ್. ಇನ್ನೊಬ್ಬಳಿಗೆ ಜೂನ್, ಜುಲೈಯಲ್ಲಿ ಪರೀಕ್ಷೆ ಬರುವ ಹಾಗಿದೆ, ಅವಳಿಗೆ ನೇರ ಜಿಸಾಕ್. ಇಬ್ಬರೂ ಈ ತಿಂಗಳೇ ಬ್ಯಾಂಕಿಗೆ ಹೋಗಬೇಕು. ನನ್ನ ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್ ಇತ್ತು. ಅದೊಂದಕ್ಕೇ ಮೊದಲ ಕಂತು ಐದು ವಾರ ತಡವಾಯಿತು.